ಫುಲ್ ಟ್ಯಾಂಕ್ ಹಾಕಿಸಿದಾಗಲೇ ನಿಲ್ಲುತ್ತಿದ್ದ ಮಾರುತಿ 800

ನಮ್ಮ ಮನೆಯ ಮಾರುತಿ 800 ಅಪ್ಪ 1997ರಲ್ಲಿ ಕೊಂಡ ಗಾಡಿ. ಮೂರು ಸಿಲಿಂಡರಿನ 796 ಸಿಸಿ ಇಂಜಿನ್, ಪೆಟ್ರೋಲಿಗೆ ಗಾಳಿ ಬೆರೆಸಿ ಕೊಡುವ ಕಾರ್ಬೊರೇಟರ್, ಇಂಜಿನ್ನಿನ ತಲೆಗೆ ಕಚ್ಚಿಕೊಂಡ ಮೆಕ್ಯಾನಿಕಲ್ ಪೆಟ್ರೋಲ್ ಪಂಪ್, ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್, ಇಷ್ಟೇ. ಕಂಪ್ಯೂಟರ್ ಇಲ್ಲ, ಸ್ಕ್ಯಾನರ್ ಹಚ್ಚಿ ಕೋಡ್ ಓದುವ ಮಾತೇ ಇಲ್ಲ. ಕಣ್ಣು, ಕಿವಿ, ಮೂಗು, ಒಂದು ಸ್ಪ್ಯಾನರ್ ಸೆಟ್ ಇದ್ದರೆ ಇದರ ಕಾಯಿಲೆ ಹಿಡಿಯಬಹುದು. ಆದರೂ ಈ ವರ್ಷ ಏಪ್ರಿಲ್‌ನಿಂದ ಜೂನ್ ತನಕ ಮೂರು ಸಲ ದಾರಿ ಮಧ್ಯೆ ಸತ್ತು ನಿಂತಿತು, ಸುಮಾರು 6,000 ರೂಪಾಯಿ ಖರ್ಚಾಯಿತು, ಕಾರಣ ಮಾತ್ರ ಸಿಗಲಿಲ್ಲ. ಕೊನೆಗೆ ಸಿಕ್ಕಿದ್ದು ಹೇಗೆ ಅಂತ ಪೂರ್ತಿ ಬರೆಯುತ್ತಿದ್ದೇನೆ. ಹಳೆ ಗಾಡಿ ಇಟ್ಟುಕೊಂಡವರು ಇನ್ನೂ ಬೇಕಾದಷ್ಟು ಜನ ಇದ್ದಾರೆ, ಯಾರಿಗಾದರೂ ಉಪಯೋಗಕ್ಕೆ ಬರಬಹುದು.

ಮೊದಲ ಸಲ ನಿಂತದ್ದು ಆಗುಂಬೆ ಘಾಟಿಯಲ್ಲಿ. ಏಪ್ರಿಲ್ ತಿಂಗಳು, ಮಧ್ಯಾಹ್ನ ಎರಡು ಗಂಟೆ. ಉಡುಪಿಯಲ್ಲಿ ಅಮ್ಮನನ್ನು ಡಾಕ್ಟರಿಗೆ ತೋರಿಸಿಕೊಂಡು ತೀರ್ಥಹಳ್ಳಿಗೆ ವಾಪಸ್ ಬರುತ್ತಿದ್ದೆವು. ಊರು ಬಿಡುವಾಗ ಉಡುಪಿಯಲ್ಲೇ ಟ್ಯಾಂಕ್ ತುಂಬಿಸಿದ್ದೆ. ಹೆಬ್ರಿ ದಾಟಿ ಸೋಮೇಶ್ವರದ ತನಕ ಗಾಡಿ ಚೆನ್ನಾಗಿಯೇ ಬಂತು. ಘಾಟಿ ಹತ್ತುವಾಗ ನಾಲ್ಕೈದು ತಿರುವು ಆದ ಮೇಲೆ ಪಿಕಪ್ ಕಡಿಮೆ ಆಯಿತು, ಎಕ್ಸಲೇಟರ್ ಒತ್ತಿದರೂ ಗಾಡಿ ಮುಂದೆ ಹೋಗಲಿಕ್ಕೆ ಒಪ್ಪುತ್ತಿಲ್ಲ, ಎರಡು ಸಲ ಜಗ್ಗಿತು, ಆಮೇಲೆ ದೀಪ ಆರಿದ ಹಾಗೆ ಮೆತ್ತಗೆ ಆಫ್ ಆಯಿತು. ಈ 'ಜಗ್ಗಿ, ಮೆತ್ತಗೆ' ಅನ್ನುವುದನ್ನು ನೆನಪಿಡಿ. ಕರೆಂಟ್ ಹೋಗಿ ನಿಲ್ಲುವ ಇಂಜಿನ್ ಸಾಮಾನ್ಯವಾಗಿ ಸ್ವಿಚ್ ಆರಿಸಿದಂತೆ ಟಕ್ ಅಂತ ನಿಲ್ಲುತ್ತದೆ. ಪೆಟ್ರೋಲ್ ಸಾಲದೆ ನಿಲ್ಲುವ ಇಂಜಿನ್ ಹೀಗೆ ಏದುಸಿರು ಬಿಟ್ಟು ನಿಲ್ಲುತ್ತದೆ. ಅವತ್ತು ನನಗೆ ಅದು ಹೊಳೆಯಲಿಲ್ಲ.

ತಿರುವಿನಲ್ಲಿ ನಿಂತರೆ ಅಪಾಯ, ಹ್ಯಾಂಡ್‌ಬ್ರೇಕ್ ಹಾಕಿ ಚಕ್ರಕ್ಕೆ ಕಲ್ಲು ಕೊಟ್ಟೆ. ಸೆಲ್ಫ್ ಹೊಡೆದರೆ ಇಂಜಿನ್ ಚೆನ್ನಾಗಿ ತಿರುಗುತ್ತದೆ, ಹಿಡಿಯುತ್ತಿಲ್ಲ ಅಷ್ಟೆ. ಪೆಟ್ರೋಲ್ ಮುಳ್ಳು ಪೂರ್ತಿ ಮೇಲೆ ಇದೆ. ಕೆಳಗಿನಿಂದ ಬಂದ ಒಬ್ಬ ಜೀಪ್ ಡ್ರೈವರ್ ನಿಲ್ಲಿಸಿ ನೋಡಿದರು. "ಏರ್ ಹಿಡ್ದಿದೆ ಮಾರಾಯ್ರೆ, ಬಿಸಿಲಿಗೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಅರ್ಧ ಗಂಟೆ ಬಿಡಿ, ತನ್ನಷ್ಟಕ್ಕೇ ಸ್ಟಾರ್ಟ್ ಆಗ್ತದೆ" ಅಂದರು. ಹಾಗೇ ಮಾಡಿದೆ. ಅಮ್ಮನ ಟವಲ್ ಒದ್ದೆ ಮಾಡಿ ಪಂಪಿಗೆ ಸುತ್ತಿದೆ. ನಲವತ್ತು ನಿಮಿಷ ಬಿಟ್ಟು ಹೊಡೆದರೆ ಸ್ಟಾರ್ಟ್! ಮನೆ ತನಕ ಏನೂ ತೊಂದರೆ ಇಲ್ಲ.

ಅವರು ಹೇಳಿದ್ದು ಸುಮ್ನೆ ಮಾತಲ್ಲ. ಪೆಟ್ರೋಲ್ ಬೇಗ ಆವಿಯಾಗುವ ವಸ್ತು. ಘಾಟಿಯಲ್ಲಿ ಗಾಡಿ ನಿಧಾನ, ಇಂಜಿನ್ ಬಿಸಿ ಜಾಸ್ತಿ, ಬಾನೆಟ್ ಒಳಗೆ ಗಾಳಿ ಆಡುವುದಿಲ್ಲ. ಪೈಪಿನಲ್ಲೇ ಪೆಟ್ರೋಲ್ ಕುದಿದು ಗುಳ್ಳೆಯಾದರೆ ಪಂಪ್ ಆ ಗುಳ್ಳೆಯನ್ನೇ ಹಿಂಡುತ್ತಾ ಕೂರುತ್ತದೆ, ಕಾರ್ಬೊರೇಟರ್‌ಗೆ ಪೆಟ್ರೋಲ್ ಹೋಗುವುದಿಲ್ಲ. ಇದು ಹಳೆ ಗಾಡಿಗಳಲ್ಲಿ ನಿಜವಾಗಿ ಆಗುವ ಸಂಗತಿ. ಒದ್ದೆ ಬಟ್ಟೆ ಹಾಕಿದೆವು, ಸ್ಟಾರ್ಟ್ ಆಯಿತು, ಕಥೆ ಮುಗಿಯಿತು ಅಂದುಕೊಂಡೆ.

ಎರಡನೆಯ ಸಲ ಮೇ ತಿಂಗಳಲ್ಲಿ. ಶಿವಮೊಗ್ಗದಲ್ಲಿ ಪೆಟ್ರೋಲ್ ತುಂಬಿಸಿ ಊರಿಗೆ ಹೊರಟವನು ಮಂಡಗದ್ದೆ ದಾಟಿ ಸಾಕಷ್ಟು ದೂರ ಬಂದಿದ್ದೆ. ಅದೇ ಥರ ಜಗ್ಗಿ ನಿಂತಿತು. ಈ ಸಲ ಫೋನ್ ಮಾಡಿ ಊರಿನಿಂದ ಮೆಕ್ಯಾನಿಕ್ ಒಬ್ಬರನ್ನು ಕರೆಸಿದೆ. ಅವರು ಬೈಕಿನಲ್ಲಿ ಬಂದು, ಪ್ಲಗ್‌ಗಳ ಕಿಡಿಗೆ ಕರೆಂಟ್ ಕೊಡುವ ಕಾಯಿಲ್ ಮುಟ್ಟಿ ನೋಡಿ "ಕಾಯಿಲ್ ಬಿಸಿ ಆಗಿ ಕೈ ಕೊಡ್ತಿದೆ ಅಣ್ಣಾ" ಅಂದರು. ಇದೂ ಅಸಂಬದ್ಧ ಅಲ್ಲ. ಕಾಯಿಲ್ ಒಳಗಿನ ತಂತಿ ಬಿಸಿಗೆ ಬಿಟ್ಟುಕೊಂಡು, ತಣ್ಣಗಾದ ಮೇಲೆ ಮತ್ತೆ ಕೂಡುವುದು ಮಾಮೂಲಿ ದೋಷ. ಅವರ ಬ್ಯಾಗಿನಲ್ಲಿ ಒಂದು ಕಾಯಿಲ್ ಇತ್ತು, ಹಾಕಿದರು. ಹಾಕುವ ಮೊದಲು, ಮುಳ್ಳು ಸುಳ್ಳು ಹೇಳುತ್ತಿರಬಹುದು ಅಂತ ಟ್ಯಾಂಕಿನ ಮುಚ್ಚಳ ತೆಗೆದು ಗಾಡಿ ಅಲುಗಿಸಿ ಪೆಟ್ರೋಲ್ ಸದ್ದು ಕೇಳಿದರು. ಆಮೇಲೆ ಕಾಯಿಲ್ ಬದಲಾಯಿಸಿ ಸೆಲ್ಫ್ ಹೊಡೆದರೆ ಗಾಡಿ ಸ್ಟಾರ್ಟ್. ಅವರಿಗೂ ಖುಷಿ, ನನಗೂ ಖುಷಿ. ಎರಡು ಕೆಲಸ ಒಟ್ಟಿಗೆ ಆಗಿವೆ, ಯಾವುದರಿಂದ ಸ್ಟಾರ್ಟ್ ಆಯಿತು ಅನ್ನುವ ಪ್ರಶ್ನೆ ಇಬ್ಬರಿಗೂ ಬರಲಿಲ್ಲ. ಈ ಪ್ರಕರಣದಲ್ಲಿ ನಾವು ದಾರಿ ತಪ್ಪಿದ್ದು ಅಲ್ಲೇ.

ನಂತರದ ವಾರ ಯಾಕಿರಬೇಕು ಅಂತ ಪ್ಲಗ್ ಮೂರೂ ಬದಲಾದವು, ಪೆಟ್ರೋಲ್ ಫಿಲ್ಟರ್ ಬದಲಾಯಿತು, ಕಾರ್ಬೊರೇಟರ್ ಬಿಚ್ಚಿ ಕ್ಲೀನ್ ಮಾಡಿಸಿದೆ, ಪಂಪ್ ಕೂಡ ಹೊಸದು ಹಾಕಿಸಿದೆ. ಮಾರುತಿ 800 ಮೊದಲ ಸಲ ಗಿರಾಕಿಯ ಕೈಗೆ ಬಂದದ್ದು 1983ರ ಡಿಸೆಂಬರ್‌ನಲ್ಲಿ, ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಮೂವತ್ತು ವರ್ಷ ಬಂದ ಗಾಡಿ ಆದ್ದರಿಂದ ಸಣ್ಣ ಊರಿನ ಅಂಗಡಿಯಲ್ಲೂ ಸಾಮಾನು ಸಿಗುತ್ತದೆ, ಬೆಲೆಯೂ ಕಡಿಮೆ. ಹಾಗಾಗಿ ಪರೀಕ್ಷೆ ಮಾಡುವುದಕ್ಕಿಂತ ಸಾಮಾನು ಬದಲಾಯಿಸುವುದೇ ಸುಲಭ ಅನ್ನಿಸಿಬಿಡುತ್ತದೆ.

ಮೂರನೆಯ ಸಲ ಜೂನ್. ಜಡಿಮಳೆ. ಬೆಳಿಗ್ಗೆ ಏಳೂವರೆ. ತೀರ್ಥಹಳ್ಳಿಯಲ್ಲಿ ಪೆಟ್ರೋಲ್ ಹಾಕಿಸಿ ಶಿವಮೊಗ್ಗಕ್ಕೆ ಹೊರಟವನು ಸಕ್ರೆಬೈಲಿನ ಹತ್ತಿರ ನಿಂತೆ. ರಸ್ತೆ ಸಮತಟ್ಟು, ಗಾಳಿ ತಣ್ಣಗೆ, ಬಾನೆಟ್ ಮೇಲೆ ಮಳೆ ನೀರು ಹರಿಯುತ್ತಿದೆ. ಅಲ್ಲಿಗೆ ಬಿಸಿಲಿಗೆ ಏರ್ ಹಿಡಿಯುವ ಮಾತು ಬಿತ್ತು. ಕಾಯಿಲ್ ಹೊಸದು, ಅದೂ ಬಿತ್ತು. ಪಂಪ್, ಫಿಲ್ಟರ್, ಪ್ಲಗ್ ಎಲ್ಲ ಹೊಸದು. ಮುಕ್ಕಾಲು ಗಂಟೆ ಕಾರಿನೊಳಗೆ ಕೂತೆ, ಆಮೇಲೆ ಸ್ಟಾರ್ಟ್ ಆಯಿತು.

ಆ ಮುಕ್ಕಾಲು ಗಂಟೆಯಲ್ಲಿ ಡ್ಯಾಶ್‌ಬೋರ್ಡಿನಲ್ಲಿದ್ದ ಬಂಕಿನ ರಸೀದಿಗಳ ಹಿಂದೆ ಬರೆಯುತ್ತಾ ಕೂತೆ. ನಿಂತ ಮೂರು ಸಲ, ನಿಲ್ಲದೆ ಓಡಿದ ಸಲಗಳು, ಎರಡನ್ನೂ. ನಿಲ್ಲದ ಸಲಗಳನ್ನು ಬರೆಯುವುದು ಅಷ್ಟೇ ಮುಖ್ಯ, ಜನ ಅದನ್ನು ಬಿಟ್ಟುಬಿಡುತ್ತಾರೆ. ಮೇ ತಿಂಗಳ ಉರಿ ಬಿಸಿಲಲ್ಲಿ ಅರ್ಧ ಟ್ಯಾಂಕ್ ಇಟ್ಟುಕೊಂಡು ಶಿವಮೊಗ್ಗಕ್ಕೆ ಹೋಗಿ ಬಂದಿದ್ದೆ, ಏನೂ ಆಗಿರಲಿಲ್ಲ. ಕಡಿಮೆ ಪೆಟ್ರೋಲಿನಲ್ಲಿ ಕೊಪ್ಪಕ್ಕೆ ಹೋಗಿ ಬಂದಿದ್ದೆ, ಏನೂ ಆಗಿರಲಿಲ್ಲ. ಊರೊಳಗೆ ದಿನಾ ಓಡಾಟ, ಒಂದು ದಿನವೂ ಇಲ್ಲ. ನಿಂತ ಮೂರು ಸಲವೂ ಹೊರಡುವ ಮೊದಲು ಟ್ಯಾಂಕ್ ತುಂಬಿಸಿದ್ದೆ. ಮೂರು ಸಲವೂ ಬಂಕಿನಿಂದ ಸುಮಾರು 45ರಿಂದ 50 ಕಿಲೋಮೀಟರ್ ಆದ ಮೇಲೆ ನಿಂತಿತ್ತು. ಬಿಸಿಲು, ಮಳೆ, ಏರು, ಸಮ, ಇದ್ಯಾವುದಕ್ಕೂ ಗಾಡಿ ನಿಲ್ಲುವುದಕ್ಕೂ ಸಂಬಂಧ ಇಲ್ಲ. ಸಂಬಂಧ ಇದ್ದದ್ದು ತುಂಬಿದ ಟ್ಯಾಂಕಿಗೆ. ಪೆಟ್ರೋಲ್ ಕಡಿಮೆ ಇದ್ದಾಗ ತಳದ ಕಸ ಎಳೆದು ನಿಲ್ಲುವ ಗಾಡಿ ಕೇಳಿದ್ದೇನೆ. ಇದು ತುಂಬಿದಾಗ ನಿಲ್ಲುತ್ತಿದೆ.

ಆ ಭಾನುವಾರವೇ ಬೇಕು ಅಂತಲೇ ಗಾಡಿ ನಿಲ್ಲಿಸಲು ಹೊರಟೆ. ಗೆಳೆಯನೊಬ್ಬ ಜೊತೆಗೆ ಬಂದ. ಸ್ಪ್ಯಾನರ್ ಸೆಟ್, ಒಂದು ಹಳೆ ಪ್ಲಗ್, ಎರಡು ಖಾಲಿ ಬಾಟಲಿ, ಒಂದು ಮುಚ್ಚಿದ ಡಬ್ಬಿಯಲ್ಲಿ ಅರ್ಧ ಲೀಟರ್ ಪೆಟ್ರೋಲ್, ಸೂಜಿ ಇಲ್ಲದ 10 ಎಂಎಲ್ ಸಿರಿಂಜ್, ಮೂರು ಅಡಿ ಪೆಟ್ರೋಲ್ ಪೈಪ್, ಮತ್ತು ಬೆಂಕಿ ಆರಿಸುವ ಸಣ್ಣ ಸಿಲಿಂಡರ್. ಕೊನೆಯದು ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಟ್ಯಾಂಕ್ ತುಂಬಿಸಿ ಶಿವಮೊಗ್ಗ ರಸ್ತೆ ಹಿಡಿದೆವು. ಯಾವಾಗ ನಿಲ್ಲಬಹುದು ಅಂತ ಅಂದಾಜು ಇತ್ತಲ್ಲ, 40 ದಾಟಿದ ಮೇಲೆ ಅಗಲ ಅಂಚು ಇರುವ ಕಡೆ ನಿಧಾನವಾಗಿ ಹೋದೆವು. 46ಕ್ಕೆ ಜಗ್ಗಿತು. ಪಕ್ಕಕ್ಕೆ ತೆಗೆದುಕೊಂಡೆ, ನಿಂತಿತು.

ಗಾಡಿ ಸತ್ತಿರುವಾಗ ಪರೀಕ್ಷೆ ಮಾಡಬೇಕು, ಅದೇ ಇದರ ಗುಟ್ಟು. ಗ್ಯಾರೇಜಿಗೆ ತಂದಾಗ ಅದು ಚೆನ್ನಾಗಿ ಓಡುತ್ತಿರುತ್ತದೆ, ಚೆನ್ನಾಗಿರುವ ಗಾಡಿಯಲ್ಲಿ ಏನು ಹುಡುಕುವುದು? ಒಂದು ಸಲಕ್ಕೆ ಒಂದೇ ಕೆಲಸ, ಅದರ ಫಲ ನೋಡಿ ಬರೆದುಕೊಂಡು ಮುಂದಿನದು, ಅಂತ ನಾವಿಬ್ಬರೂ ಮೊದಲೇ ಮಾತಾಡಿಕೊಂಡಿದ್ದೆವು. ಟ್ಯಾಂಕಿನ ಮುಚ್ಚಳದ ಮೇಲೆ ನನಗೆ ಆಗಲೇ ಗುಮಾನಿ ಇತ್ತು. ಆದರೆ ಅದನ್ನು ಮೊದಲೇ ತೆಗೆದರೆ ಗಾಡಿ ಸ್ಟಾರ್ಟ್ ಆಗಿಬಿಡಬಹುದು, ಉಳಿದದ್ದೆಲ್ಲ ಸರಿ ಇದೆಯಾ ಅನ್ನುವುದು ಆಮೇಲೆ ಗೊತ್ತಾಗುವುದಿಲ್ಲ. ಅದಕ್ಕೇ ಮುಚ್ಚಳವನ್ನು ಕೊನೆಗೆ ಇಟ್ಟುಕೊಂಡೆವು.

ಮೊದಲು ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಗೆಳೆಯನಿಗೆ ಸೆಲ್ಫ್ ಹೊಡೆಯಲು ಹೇಳಿದೆ. ಒಳಗಿನ ರೋಟರ್ ತಿರುಗಿತು. ಈ ಇಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರ್ ತಿರುಗುವುದು ಕ್ಯಾಮ್‌ಶಾಫ್ಟ್ ಅನ್ನುವ, ಇಂಜಿನ್ನಿನ ವಾಲ್ವ್ ತೆರೆಯುವ ಕಂಬಿಯಿಂದ, ಕ್ಯಾಮ್‌ಶಾಫ್ಟ್ ತಿರುಗುವುದು ಟೈಮಿಂಗ್ ಬೆಲ್ಟ್‌ನಿಂದ. ರೋಟರ್ ತಿರುಗಿತು ಅಂದರೆ ಬೆಲ್ಟ್ ಕಡಿದಿಲ್ಲ. ಕಡಿದಿದ್ದರೆ ಸೆಲ್ಫ್ ಸದ್ದೇ ಬೇರೆ ಇರುತ್ತದೆ, ಹೊರೆ ಇಲ್ಲದ ಹಾಗೆ ಹಗುರವಾಗಿ ಗುರ್ ಅಂತ ತಿರುಗುತ್ತದೆ.

ಎರಡನೆಯದು ಕರೆಂಟ್. ಒಂದು ಪ್ಲಗ್ ವೈರ್ ಎಳೆದು ಹಳೆ ಪ್ಲಗ್‌ಗೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈ ಇಂಜಿನ್ನಿಗೆ ತಾಗುವ ಹಾಗೆ ಕಟ್ಟಿ, ಸೆಲ್ಫ್ ಹೊಡೆಸಿದೆ. ಕೈಯಲ್ಲಿ ಹಿಡಿದುಕೊಂಡು ಮಾಡಬೇಡಿ, ಸಾವಿರಾರು ವೋಲ್ಟ್ ಬರುತ್ತದೆ. ಕಾರ್ಬೊರೇಟರ್ ಹತ್ತಿರವೂ ಬೇಡ. ಚಟ್ ಚಟ್ ಅಂತ ಸದ್ದಿನೊಂದಿಗೆ ದಪ್ಪ ನೀಲಿ ಕಿಡಿ ಬಂತು. ತೆಳು ಹಳದಿ ಕಿಡಿ ಬಂದಿದ್ದರೆ, ಅಥವಾ ಬರದೇ ಇದ್ದಿದ್ದರೆ, ನಾನು ಕಾಯಿಲ್, ಇಗ್ನಿಷನ್ ಮಾಡ್ಯೂಲ್, ವೈರ್ ಕಡೆ ಹೋಗುತ್ತಿದ್ದೆ. ಕಿಡಿ ಗಟ್ಟಿಯಾಗಿದೆ, ಆ ಇಡೀ ದಾರಿ ಅಲ್ಲಿಗೆ ಮುಚ್ಚಿತು.

ಇಂಜಿನ್ನಿನಲ್ಲಿದ್ದ ಪ್ಲಗ್ ಒಂದನ್ನು ಬಿಚ್ಚಿ ನೋಡಿದೆವು. ತುದಿ ಒಣಗಿತ್ತು, ಮೂಸಿದರೆ ಪೆಟ್ರೋಲ್ ವಾಸನೆ ಇಲ್ಲ. ಅಷ್ಟು ಹೊತ್ತು ಸೆಲ್ಫ್ ಹೊಡೆದಿದ್ದೇವೆ, ಪೆಟ್ರೋಲ್ ಒಳಗೆ ಹೋಗಿದ್ದರೆ ಪ್ಲಗ್ ಒದ್ದೆ ಇರಬೇಕಿತ್ತು ಅಲ್ವಾ? ಏರ್ ಕ್ಲೀನರ್ ಮುಚ್ಚಳ ತೆಗೆದು ಕಾರ್ಬೊರೇಟರ್ ಬಾಯಿಯೊಳಗೆ ಟಾರ್ಚ್ ಬಿಟ್ಟು ಎಕ್ಸಲೇಟರ್ ಲಿವರ್ ಕೈಯಲ್ಲಿ ಎಳೆದೆ. ಸರಿ ಇರುವ ಗಾಡಿಯಲ್ಲಿ ಹಾಗೆ ಎಳೆದ ಪ್ರತಿ ಸಲವೂ ಒಂದು ತೆಳು ಪೆಟ್ರೋಲ್ ಧಾರೆ ಒಳಗೆ ಚಿಮ್ಮುತ್ತದೆ. ಇಲ್ಲಿ ಏನೂ ಇಲ್ಲ. ಕಾರ್ಬೊರೇಟರ್ ಒಳಗೆ ಪೆಟ್ರೋಲ್ ನಿಲ್ಲುವ ಬಟ್ಟಲು ಖಾಲಿ.

ಸಿರಿಂಜ್‌ನಲ್ಲಿ 5 ಎಂಎಲ್ ಪೆಟ್ರೋಲ್ ಕಾರ್ಬೊರೇಟರ್ ಬಾಯಿಗೆ ಬಿಟ್ಟು, ಡಬ್ಬಿ ಮುಚ್ಚಿ ದೂರ ಇಟ್ಟು, ಏರ್ ಕ್ಲೀನರ್ ಮುಚ್ಚಳ ವಾಪಸ್ ಹಾಕಿದ ಮೇಲೆಯೇ ಸೆಲ್ಫ್ ಹೊಡೆಸಿದೆ. ಈ ಕ್ರಮ ತಪ್ಪಬಾರದು, ಇಂಜಿನ್ ಒಮ್ಮೊಮ್ಮೆ ಕಾರ್ಬೊರೇಟರ್ ಬಾಯಿಯಿಂದ ಬೆಂಕಿ ಉಗುಳುತ್ತದೆ. ತಕ್ಷಣ ಸ್ಟಾರ್ಟ್ ಆಗಿ ನಾಲ್ಕೈದು ಸೆಕೆಂಡ್ ಓಡಿ ನಿಂತಿತು. ಈ ಐದು ಎಂಎಲ್ ಪೆಟ್ರೋಲ್ ಎಷ್ಟೋ ವಿಷಯ ಹೇಳಿಬಿಟ್ಟಿತು. ಕಂಪ್ರೆಷನ್ ಇದೆ, ಟೈಮಿಂಗ್ ಇದೆ, ಕರೆಂಟ್ ಇದೆ. ಬೇಕಾದ್ದು ಪೆಟ್ರೋಲ್ ಮಾತ್ರ.

ಇನ್ನು ಪೆಟ್ರೋಲ್ ಎಲ್ಲಿ ನಿಂತಿದೆ? ಕಾಯಿಲ್‌ನಿಂದ ಬರುವ ಮುಖ್ಯ ವೈರ್ ಬಿಡಿಸಿ ಗಾಡಿಯ ಲೋಹದ ಮೈಗೆ ಗಟ್ಟಿಯಾಗಿ ತಾಗಿಸಿ ಕಟ್ಟಿ, ಹೊರಗೆ ಕಿಡಿ ಹಾರದಂತೆ ಮಾಡಿದೆವು. ಪಂಪಿನಿಂದ ಕಾರ್ಬೊರೇಟರ್‌ಗೆ ಹೋಗುವ ಪೈಪ್ ಎಳೆದು ಬಾಟಲಿಗೆ ಬಿಟ್ಟು ಸೆಲ್ಫ್ ಹೊಡೆಸಿದರೆ ಎರಡು ಹನಿ, ಆಮೇಲೆ ಪುಸ್ ಪುಸ್ ಅಂತ ಗುಳ್ಳೆ. ಇಷ್ಟಕ್ಕೇ 'ಪಂಪ್ ಹೋಗಿದೆ' ಅನ್ನುವವರು ಬಹಳ. ಒಂದು ಹೆಜ್ಜೆ ಮುಂದೆ ಹೋಗಿ. ಟ್ಯಾಂಕ್ ಕಡೆಯಿಂದ ಪಂಪಿಗೆ ಬರುವ ಪೈಪ್ ಬಿಡಿಸಿ, ಆ ಜಾಗಕ್ಕೆ ನಮ್ಮ ಮೂರು ಅಡಿ ಪೈಪ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಪೆಟ್ರೋಲ್ ಇದ್ದ ಬಾಟಲಿಯಲ್ಲಿ ಮುಳುಗಿಸಿ ಮತ್ತೆ ಹೊಡೆಸಿದೆ. ನಾಲ್ಕು ಸೆಕೆಂಡ್ ಆಗುವಷ್ಟರಲ್ಲಿ ಈ ಕಡೆಯ ಬಾಟಲಿಗೆ ಚಿಳ್ ಚಿಳ್ ಅಂತ ಪೆಟ್ರೋಲ್ ಬರತೊಡಗಿತು. ಪಂಪ್ ಗಟ್ಟಿಮುಟ್ಟಾಗಿದೆ. ತೊಂದರೆ ಅದರ ಹಿಂದೆ, ಪೈಪಿನಲ್ಲಿ ಅಥವಾ ಟ್ಯಾಂಕಿನಲ್ಲಿ.

ಎಲ್ಲ ಪೈಪ್ ಮೊದಲಿದ್ದ ಹಾಗೆ ಸಿಕ್ಕಿಸಿ, ಚೆಲ್ಲಿದ್ದನ್ನು ಒರೆಸಿ, ಹಿಂದಕ್ಕೆ ಹೋದೆ. ಬೀಗ ತೆಗೆದು ಟ್ಯಾಂಕಿನ ಮುಚ್ಚಳ ತಿರುಗಿಸಿದೆ. ಅದು ಸುಲಭಕ್ಕೆ ಬರಲಿಲ್ಲ, ಒಳಗಿನಿಂದ ಯಾರೋ ಹಿಡಿದುಕೊಂಡ ಹಾಗೆ. ಜೋರಾಗಿ ತಿರುಗಿಸಿದಾಗ ಸ್ಸ್ಸ್ ಅಂತ ಶುರುವಾದ ಸದ್ದು ನಿಲ್ಲಲೇ ಇಲ್ಲ, ಏಳೆಂಟು ಸೆಕೆಂಡ್ ಹೊರಗಿನ ಗಾಳಿ ಒಳಗೆ ನುಗ್ಗಿತು. ಕೊನೆಗೆ ಗಾಡಿಯ ಹೊಟ್ಟೆಯೊಳಗಿಂದ 'ಡಬ್' ಅಂತ ಒಂದು ಸದ್ದು ಬಂತು, ಒಳಕ್ಕೆ ಜಗ್ಗಿಕೊಂಡಿದ್ದ ಟ್ಯಾಂಕಿನ ತಗಡು ವಾಪಸ್ ತನ್ನ ಜಾಗಕ್ಕೆ ಬಂದ ಸದ್ದು ಅದು. ಗೆಳೆಯ ಆ ಕಡೆಯಿಂದ "ಏನೋ ಅದು?" ಅಂತ ಕೂಗಿದ. ಹತ್ತು ಸೆಕೆಂಡ್ ಸೆಲ್ಫ್, ಬಟ್ಟಲು ತುಂಬಿಕೊಳ್ಳಲು ಸ್ವಲ್ಪ ಬಿಡುವು, ಮತ್ತೆ ಐದು ಸೆಕೆಂಡ್. ಸ್ಟಾರ್ಟ್.

ಆಗಿದ್ದು ಇಷ್ಟು. ಟ್ಯಾಂಕಿನಿಂದ ಪೆಟ್ರೋಲ್ ಹೊರಗೆ ಹೋದಷ್ಟು ಗಾಳಿ ಒಳಗೆ ಬರಬೇಕು. ಬರದಿದ್ದರೆ ಟ್ಯಾಂಕಿನೊಳಗೆ ಒತ್ತಡ ಇಳಿಯುತ್ತಾ ಹೋಗುತ್ತದೆ, ಮುಂದೆ ಕೂತ ಪಂಪ್ ಎಳೆದಷ್ಟೂ ಟ್ಯಾಂಕ್ ಹಿಂದಕ್ಕೆ ಎಳೆಯುತ್ತದೆ. ತುಂಬಿದ ಟ್ಯಾಂಕ್‌ನಲ್ಲೇ ಯಾಕೆ ಅನ್ನುವುದಕ್ಕೆ ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಟ್ಯಾಂಕ್ 28 ಲೀಟರಿನದು. ತುಂಬಿಸಿದ ಮೇಲೆ ಮೇಲ್ಗಡೆ 3 ಲೀಟರ್ ಗಾಳಿ ಉಳಿಯಿತು ಅಂತ ಇಟ್ಟುಕೊಳ್ಳಿ. ನನ್ನ ಗಾಡಿ ಲೀಟರಿಗೆ 15 ಕೊಡುತ್ತದೆ, 45 ಕಿಲೋಮೀಟರ್‌ಗೆ 3 ಲೀಟರ್ ಖಾಲಿ. ಆಗ ಅದೇ 3 ಲೀಟರ್ ಗಾಳಿ 6 ಲೀಟರ್ ಜಾಗದಲ್ಲಿ ಹರಡಿಕೊಳ್ಳಬೇಕು, ಅಂದರೆ ಎರಡು ಪಟ್ಟು. ಅರ್ಧ ಟ್ಯಾಂಕ್ ಇದ್ದಾಗ ಮೇಲೆ 14 ಲೀಟರ್ ಗಾಳಿ ಇರುತ್ತದೆ, ಅಷ್ಟೇ 3 ಲೀಟರ್ ಖರ್ಚಾದರೆ 14 ಇದ್ದದ್ದು 17ಕ್ಕೆ ಹರಡುತ್ತದೆ, ಅಷ್ಟೆ. ಪಂಪ್‌ಗೆ ಅದು ಗೊತ್ತೂ ಆಗುವುದಿಲ್ಲ. ಪೆಟ್ರೋಲ್ ಆವಿ ಖಾಲಿ ಜಾಗವನ್ನು ಸ್ವಲ್ಪ ತುಂಬುತ್ತದೆ, ಹಾಗಾಗಿ ಒತ್ತಡ ಪೂರ್ತಿ ಅರ್ಧಕ್ಕೆ ಇಳಿಯುವುದಿಲ್ಲ, ಆದರೂ ಪಂಪ್ ಸೋಲುವಷ್ಟು ಇಳಿಯುತ್ತದೆ.

ಘಾಟಿಯಲ್ಲಿ ಸಿಕ್ಕಿದ ಆ ಡ್ರೈವರ್ ಪೂರ್ತಿ ತಪ್ಪು ಹೇಳಿರಲಿಲ್ಲ ಅಂತ ಈಗ ಅನ್ನಿಸುತ್ತದೆ. ಒತ್ತಡ ಇಳಿದರೆ ಪೆಟ್ರೋಲ್ ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ. ಬಾಟಲಿಗೆ ಬಂದ ಗುಳ್ಳೆಗಳು ಅದೇ ಇರಬೇಕು. ಕಾದರೆ ಸ್ಟಾರ್ಟ್ ಆಗುತ್ತಿದ್ದದ್ದು ಇಂಜಿನ್ ತಣ್ಣಗಾಗಿ ಅಲ್ಲ, ಮುಚ್ಚಳದ ರಬ್ಬರಿನ ಸಂದಿಯಿಂದ ಗಾಳಿ ನಿಧಾನವಾಗಿ ಒಳಗೆ ಸೋರಿ. ಮಂಡಗದ್ದೆ ದಾಟಿದ ಮೇಲೆ ಕಾಯಿಲ್ ಹಾಕಿ ಸ್ಟಾರ್ಟ್ ಆದದ್ದು ಕಾಯಿಲ್‌ನಿಂದ ಅಲ್ಲ, ಮುಚ್ಚಳ ತೆಗೆದದ್ದರಿಂದ. ಮಳೆ ಸದ್ದು ಇಲ್ಲದಿದ್ದರೂ ಅವತ್ತು ಆ ಸ್ಸ್ಸ್ ಯಾರ ಕಿವಿಗೂ ಬೀಳಲಿಲ್ಲ, ಪಕ್ಕದಲ್ಲೇ ಬಸ್ಸು ಲಾರಿ ಹೋಗುತ್ತಿದ್ದವು.

ಗಾಳಿ ಯಾಕೆ ಬರುತ್ತಿರಲಿಲ್ಲ? ದಾರಿ ಎರಡಿತ್ತು, ಎರಡೂ ಮುಚ್ಚಿತ್ತು. ಮಾರ್ಚ್‌ನಲ್ಲಿ ಟ್ಯಾಂಕಿನ ಹಳೆ ಮುಚ್ಚಳ ಕಳೆದುಹೋಗಿ ಬೀಗ ಇರುವ ಹೊಸದು ತಂದು ಹಾಕಿದ್ದೆ. ನೋಡಲು ಗಟ್ಟಿ, ಸರಿಯಾಗಿ ಕೂರುತ್ತದೆ. ಆದರೆ ಒಳಗೆ ಗಾಳಿ ಎಳೆದುಕೊಳ್ಳುವ ಸಣ್ಣ ವಾಲ್ವ್ ಇಲ್ಲ. ಹಿಂದಿನಿಂದ ಬಾಯಿ ಹಚ್ಚಿ ಎಳೆದು ನೋಡಿದೆ (ಬಿಚ್ಚಿ ತೊಳೆದು ಒಣಗಿಸಿದ ಮೇಲೆ), ಒಂದಿಷ್ಟೂ ಗಾಳಿ ಬರಲಿಲ್ಲ. ಇನ್ನೊಂದು ದಾರಿ ಟ್ಯಾಂಕಿನ ಮೇಲಿಂದ ಹೊರಡುವ ತೆಳು ಬ್ರೀದರ್ ಪೈಪ್. ಅದರ ತುದಿಯಲ್ಲಿ ಬಟಾಣಿ ಕಾಳಿನಷ್ಟು ಗಟ್ಟಿ ಮಣ್ಣು ಕೂತಿತ್ತು. ಕೊಟ್ಟಿಗೆಯ ಜಂತಿಯಲ್ಲಿ, ಸ್ವಿಚ್ ಬೋರ್ಡಿನ ತೂತಿನಲ್ಲಿ ಕಣಜದ ಹುಳ ಗೂಡು ಕಟ್ಟುತ್ತದಲ್ಲ, ಅದೇ ಥರದ ಕೆಂಪು ಮಣ್ಣು, ಒಡೆದರೆ ಒಳಗೆ ಒಣಗಿದ ಒಂದು ಪುಟ್ಟ ಜೇಡ. ಅದು ಯಾವಾಗ ಕಟ್ಟಿತೋ. ಹಳೆ ಮುಚ್ಚಳ ಇರುವ ತನಕ ಅದರ ಮೂಲಕ ಗಾಳಿ ಹೋಗುತ್ತಿದ್ದರಿಂದ ತೊಂದರೆ ಕಾಣಿಸಿರಲಿಲ್ಲ. ಮುಚ್ಚಳ ಬದಲಾದದ್ದು ಮಾರ್ಚ್, ಗಾಡಿ ಮೊದಲು ನಿಂತದ್ದು ಏಪ್ರಿಲ್. 'ಗಾಡಿಗೆ ಇತ್ತೀಚೆಗೆ ಏನು ಮಾಡಿಸಿದೆ' ಅಂತ ಯಾರಾದರೂ ಕೇಳಿದ್ದರೂ ನಾನು ಮುಚ್ಚಳದ ಹೆಸರು ಹೇಳುತ್ತಿರಲಿಲ್ಲ, ಅದು ರಿಪೇರಿ ಅಂತ ನನ್ನ ತಲೆಯಲ್ಲೇ ಇರಲಿಲ್ಲ.

ಸರಿ ಮಾಡಲು ಹೆಚ್ಚು ಖರ್ಚಾಗಲಿಲ್ಲ. ವಾಲ್ವ್ ಇರುವ ಮುಚ್ಚಳ ಹುಡುಕಿ ಹಾಕಿದೆ. ಮುಚ್ಚಳಕ್ಕೆ ನೀವೇ ತೂತು ಕೊರೆಯಬೇಡಿ, ತಿರುವಿನಲ್ಲಿ ಪೆಟ್ರೋಲ್ ಚೆಲ್ಲುತ್ತದೆ, ಆವಿ ಹೊರಗೆ ಬರುತ್ತದೆ, ನಮ್ಮ ಮಳೆಗೆ ನೀರೂ ಒಳಗೆ ಇಳಿಯುತ್ತದೆ. ಬ್ರೀದರ್ ಪೈಪ್ ಹೊಸದು ಹಾಕಿ ತುದಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಿದೆ. ಗಾಡಿ ಎತ್ತಿದ್ದಾಗಲೇ ಟ್ಯಾಂಕಿನಿಂದ ಪಂಪ್ ತನಕದ ರಬ್ಬರ್ ಪೈಪುಗಳನ್ನೆಲ್ಲ ಬದಲಾಯಿಸಿಬಿಟ್ಟೆ. ಎರಡು ಕಡೆ ಬಗ್ಗಿಸಿದರೆ ಬಿರುಕು ಕಾಣುತ್ತಿತ್ತು. 2025ರ ಹೊತ್ತಿಗೆ ನಮ್ಮ ಪೆಟ್ರೋಲಿನಲ್ಲಿ ಎಥನಾಲ್ 20 ಪರ್ಸೆಂಟ್ ಆಗಿದೆ, ತೊಂಬತ್ತರ ದಶಕದ ಗಾಡಿಗಳ ರಬ್ಬರ್ ಅದನ್ನು ಲೆಕ್ಕಕ್ಕೆ ಇಟ್ಟುಕೊಂಡು ಮಾಡಿದ್ದಲ್ಲ. ಎಳೆಯುವ ಕಡೆಯ ಪೈಪ್ ಬಿರುಕು ಬಿಟ್ಟರೆ ಪೆಟ್ರೋಲ್ ಹೊರಗೆ ತೊಟ್ಟಿಕ್ಕುವ ಬದಲು ಗಾಳಿ ಒಳಗೆ ಹೋಗಬಹುದು, ಆಗ ನೆಲದ ಮೇಲೆ ಒಂದು ಹನಿಯೂ ಕಾಣದೆ ಗಾಡಿ ನಿಲ್ಲುತ್ತದೆ. ಹೊಸದು ತರುವಾಗ ಎಥನಾಲ್ ತಾಳುವ ಪೆಟ್ರೋಲ್ ಪೈಪ್ ಅಂತಲೇ ಕೇಳಿ ತನ್ನಿ.

ಸರಿ ಹೋಯಿತೋ ಇಲ್ಲವೋ ಅಂತ ನೋಡಲು ಗಾಡಿ ನಿಲ್ಲುತ್ತಿದ್ದ ಸ್ಥಿತಿಯನ್ನೇ ಮತ್ತೆ ತಂದೆ. ಟ್ಯಾಂಕ್ ತುಂಬಿಸಿ, ನಡುವೆ ಮುಚ್ಚಳ ಮುಟ್ಟದೆ, ಶಿವಮೊಗ್ಗಕ್ಕೆ ಹೋಗಿ ಬಂದೆ. ಇನ್ನೊಂದು ವಾರ ಬಿಟ್ಟು ಉಡುಪಿಯಲ್ಲಿ ತುಂಬಿಸಿ, ಅಮ್ಮನನ್ನು ಕೂರಿಸಿಕೊಂಡು, ಆಗುಂಬೆಯ ಹದಿನಾಲ್ಕು ತಿರುವನ್ನೂ ಹತ್ತಿದೆ. ಮೇಲೆ ಬಂದು ಗಾಡಿ ನಿಲ್ಲಿಸಿ ಮುಚ್ಚಳ ತೆಗೆದೆ. ಸದ್ದು ಇಲ್ಲ. ಅಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ "ಮತ್ತೆ ಏನಾಯ್ತು?" ಅಂದರು. "ಏನೂ ಆಗಲಿಲ್ಲ ಅಮ್ಮ, ಅದನ್ನೇ ನೋಡ್ತಿದ್ದೆ" ಅಂದೆ.

ತೆಗೆದಿಟ್ಟಿದ್ದ ಹಳೆ ಪಂಪನ್ನು ಮೊನ್ನೆ ಅದೇ ಎರಡು ಬಾಟಲಿ ಇಟ್ಟು ಪರೀಕ್ಷೆ ಮಾಡಿದೆ, ಹಳೆ ಕಾಯಿಲ್ ಹಾಕಿ ಒಂದು ದಿನ ಪೂರ್ತಿ ಓಡಿಸಿದೆ. ಎರಡೂ ಸರಿ ಇವೆ. ಪ್ಲಾಸ್ಟಿಕ್‌ನಲ್ಲಿ ಸುತ್ತಿ ಡಿಕ್ಕಿಯಲ್ಲಿ ಸ್ಟೆಪ್ನಿ ಪಕ್ಕ ಇಟ್ಟಿದ್ದೇನೆ.